ರಕ್ತದ ಗರಣೆಯೂ ಸ್ವಪ್ರತಿಕಾಯಗಳ ಪರೀಕ್ಷೆಯೂ

ಗಾಯವಾದೊಡನೆ ರಕ್ತವು ಹೆಪ್ಪುಗಟ್ಟಿ ಪ್ರಾಣವನ್ನು ಕಾಯುವುದು ದೇಹಧರ್ಮ. ಗಾಯವಿಲ್ಲದೆಯೇ ನಾಳದೊಳಗೆ ಗರಣೆಗಟ್ಟಿದರೆ ಆ ಧರ್ಮವೇ ಪ್ರಾಣಕ್ಕೆ ಕಂಟಕವಾಗುತ್ತದೆ. ಇಂತಹ ವಿಕಾರಗಳಲ್ಲೊಂದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ರೋಗಾಣುಗಳನ್ನು ಎದುರಿಸಬೇಕಾದ ಪ್ರತಿಕಾಯಗಳು ಇಲ್ಲಿ ಸ್ವದೇಹದ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ದ್ರವ್ಯಗಳನ್ನೂ ಅವುಗಳಿಗೆ ಅಂಟುವ ಪ್ರೋಟೀನುಗಳನ್ನೂ ಹಗೆಯೆಂದು ಬಗೆಯುತ್ತವೆ. ತಾರುಣ್ಯದಲ್ಲಿಯೇ ಪಾರ್ಶ್ವವಾಯು, ಕಾಲಿನ ರಕ್ತನಾಳದಲ್ಲಿ ಗರಣೆ, ಮರಳಿ ಮರಳಿ ಗರ್ಭನಷ್ಟ ಇವು ಇದರ ಪ್ರಮುಖ ಪರಿಣಾಮಗಳು. 1983ರಲ್ಲಿ ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ಅವರು ಇದರ ಸ್ವರೂಪವನ್ನು ವಿಶದಪಡಿಸಿದರು.

ರೋಗನಿರ್ಣಯಕ್ಕೆ ಮೂರು ರಕ್ತಪರೀಕ್ಷೆಗಳುಂಟು. ಕಾರ್ಡಿಯೋಲಿಪಿನ್ ಹಾಗೂ ಬೀಟಾ-2 ಗ್ಲೈಕೋಪ್ರೋಟೀನ್-1 ಇವುಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು ಅಳೆಯುವುವು ಎರಡು. ಮೂರನೆಯದು 'ಲೂಪಸ್ ಆಂಟಿಕೋಯಾಗುಲೆಂಟ್' ಪರೀಕ್ಷೆ. 'ಲೂಪಸ್ ರೋಗದಲ್ಲಿ ಹೆಪ್ಪನ್ನು ತಡೆಯುವುದು' ಎಂಬುದು ಈ ಹೆಸರಿನ ಅರ್ಥ. ಆದರೆ ಶಬ್ದಾರ್ಥವನ್ನೇ ನಂಬಿದವನು ಇಲ್ಲಿ ಎರಡು ಬಾರಿ ಎಡವುತ್ತಾನೆ. ಇದುಳ್ಳವರಲ್ಲಿ ಅನೇಕರಿಗೆ ಲೂಪಸ್ ಇರುವುದಿಲ್ಲ. ಪರೀಕ್ಷಾನಳಿಕೆಯಲ್ಲಿ ಹೆಪ್ಪನ್ನು ತಡಮಾಡುವ ಈ ಪ್ರತಿಕಾಯವು ದೇಹದಲ್ಲಿ ಹೆಪ್ಪಿಗೇ ಕಾರಣವಾಗುತ್ತದೆ.

ಈ ಪರೀಕ್ಷೆಯ ಒಂದು ವಿಧಾನಕ್ಕೆ ನಮ್ಮ ಹೊಲಗಳಲ್ಲಿಯೂ ಕಾಣುವ ಕೊಳಕುಮಂಡಲದ ವಿಷವೇ ಸಾಧನವೆಂಬುದು ಸ್ವಾರಸ್ಯಕರ. ಬಹಳ ತೆಳುವಾಗಿಸಿದ ವಿಷವನ್ನು ರೋಗಿಯ ಪ್ಲಾಸ್ಮಾದಲ್ಲಿ ಬೆರೆಸಿ, ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಎಣಿಸುತ್ತಾರೆ. ಕಾಲವು ದೀರ್ಘವಾದರೆ ನಿರೋಗಿಯ ಪ್ಲಾಸ್ಮಾವನ್ನು ಕೂಡಿಸಿ ನೋಡುತ್ತಾರೆ. ಹೆಪ್ಪುಗಟ್ಟಿಸುವ ಅಂಶದ ಕೊರತೆಯಷ್ಟೇ ಆಗಿದ್ದರೆ ವಿಳಂಬವು ನೀಗುತ್ತದೆ. ಪ್ರತಿಕಾಯವಿದ್ದರೆ ಸಾಮಾನ್ಯವಾಗಿ ನೀಗದು. ಬಳಿಕ ಫಾಸ್ಫೋಲಿಪಿಡನ್ನು ಧಾರಾಳವಾಗಿ ಸೇರಿಸಿದಾಗ ವಿಳಂಬವು ತಗ್ಗಿದರೆ ಈ ಪ್ರತಿಕಾಯದ ಇರವು ಸಿದ್ಧವಾಗುತ್ತದೆ.

ಇಷ್ಟಾದರೂ ಒಂದೇ ಪರೀಕ್ಷೆಯಿಂದ ನಿರ್ಣಯವು ಸಲ್ಲದು. ಸೋಂಕಿನ ತರುವಾಯ ಈ ಪ್ರತಿಕಾಯಗಳು ತಾತ್ಕಾಲಿಕವಾಗಿ ತೋರಿ ಮರೆಯಾಗುವುದುಂಟು. ಹೆಪಾರಿನ್, ವಾರ್ಫರಿನ್ ಮೊದಲಾದ ಔಷಧಗಳೂ ಫಲಿತಾಂಶವನ್ನು ಕೆಡಿಸಬಲ್ಲವು. ಆದುದರಿಂದಲೇ 2006ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ನಿಯಮಗಳು, ಕನಿಷ್ಠ 12 ವಾರಗಳ ಅಂತರದಲ್ಲಿ ಎರಡನೆಯ ಪರೀಕ್ಷೆಯೂ ಆಗಬೇಕೆಂದು ವಿಧಿಸಿದವು. ಪ್ರತಿಕಾಯವಿದ್ದೂ ಗರಣೆಯಾಗಲಿ ಗರ್ಭನಷ್ಟವಾಗಲಿ ಒದಗದಿದ್ದವರನ್ನು ರೋಗಿಗಳೆಂದು ಕರೆಯಲಾಗದು.

ಈ ತಾಳ್ಮೆಯು ವೃಥಾ ಕಾಲಹರಣವಲ್ಲ. ಆತುರದಿಂದ ರೋಗವೆಂದು ಸಾರಿದರೆ, ನಿಷ್ಕಾರಣವಾಗಿ ರಕ್ತಸ್ರಾವದ ಭಯವುಳ್ಳ ಔಷಧವನ್ನು ಬಾಳಿನುದ್ದಕ್ಕೂ ಸೇವಿಸಬೇಕಾದೀತು. ಇತ್ತ, ಪರೀಕ್ಷಿಸದೆ ಉಪೇಕ್ಷಿಸಿದರೆ ಮತ್ತೊಂದು ಗರ್ಭವೂ ನಷ್ಟವಾದೀತು. ರೋಗವು ನಿಶ್ಚಿತವಾದ ಗರ್ಭಿಣಿಗೆ ವೈದ್ಯರು ಆಸ್ಪಿರಿನ್, ಹೆಪಾರಿನ್‌ಗಳನ್ನು ಕೊಟ್ಟು ಕಾಪಾಡಿದಾಗ ತಾಯಿಯ ಮಡಿಲು ತುಂಬುವ ಸಂಭವವು ಹೆಚ್ಚುತ್ತದೆ. ಪದೇ ಪದೇ ಗರ್ಭವಿಳಿದ ಹೆಣ್ಣನ್ನು ದೈವಹತಳೆಂದು ಹಳಿಯುವ ನಾಲಗೆಗಳು ನಮ್ಮಲ್ಲಿ ಇನ್ನೂ ಅಡಗಿಲ್ಲ. ಅಂತಹ ಮನೆಗೆ ಈ ಪರೀಕ್ಷೆಯ ವಿಚಾರವನ್ನು ಮುಟ್ಟಿಸುವುದು ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯ.