ಙ ಗಾಪೊ ಚುಂಗ್: ಕ್ಯಾಂಪಿನ ದಾರಿಯಲ್ಲಿ ಕಲಿತ ಆರು ಪಾಠ

ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ. ಹನ್ನೆರಡು ವರ್ಷದಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಆಟೊ ಓಡಿಸುತ್ತಿದ್ದೇನೆ. ಟಿಬೆಟಿನವರ ಕ್ಯಾಂಪುಗಳೇ ನನ್ನ ದಾರಿ, ಹಿಂದಿನ ಸೀಟಿನಲ್ಲಿ ಕೂರುವ ಹಿರಿಯರೇ ನನಗೆ ಮೇಷ್ಟ್ರು. ಅವರ ಟಿಬೆಟನ್ ಭಾಷೆಯಲ್ಲಿ ದರ, ದಾರಿ, ಲೆಕ್ಕದ ಮಾತು ಮೂರು ತಿಂಗಳಲ್ಲಿ ನಾಲಿಗೆಗೆ ಹತ್ತಿತು. ಸಂತೋಷ ಹೇಳುವ ಮಾತಿಗೆ ವರ್ಷಗಳೇ ಹಿಡಿದವು. ಹೊಸದಾಗಿ ಕಲಿಯುವವರಿಗೆ ನೆರವಾಗಲೆಂದು ಅದನ್ನಷ್ಟು ಬರೆದಿಡುತ್ತಿದ್ದೇನೆ.

1. ಊರಿನ ಹೆಸರಿನಿಂದ ಶುರುಮಾಡಿ.
ಬೈಲಕುಪ್ಪೆಯಲ್ಲಿ 1969ರಲ್ಲಿ ಆದ ಎರಡನೆಯ ನೆಲೆಯ ಹೆಸರು ಡಿಕಿ ಲಾರ್ಸೊ. ‘ಡಿಕಿ’ ಎಂದರೆ ಸುಖ, ‘ಲಾರ್ಸೊ’ ಎಂದರೆ ಮತ್ತೆ ಚಿಗುರಿಸುವುದು. ದೇಶ ಬಿಟ್ಟು ಬಂದವರು ಕಾಡು ಸವರಿ ಮುಸುಕಿನ ಜೋಳ ಬಿತ್ತಿದ ನೆಲಕ್ಕೆ ಇಟ್ಟ ಹೆಸರಿದು. ದಾರಿಬದಿಯ ಬೋರ್ಡೇ ಮೊದಲ ಪಾಠ.

2. ‘ಕ್ಯಿಪೊ’ ಬೇರೆ, ‘ಗಾಪೊ’ ಬೇರೆ.
ಊರು ಹಿತವಾಗಿದೆ, ದಿನ ಚೆನ್ನಾಗಿ ಕಳೆಯಿತು, ಬದುಕು ನೆಮ್ಮದಿಯಾಗಿದೆ ಎನ್ನುವಾಗ ಬರುವುದು ಕ್ಯಿಪೊ. ಸುದ್ದಿ ಕೇಳಿ ಹಿಗ್ಗಿದರೆ, ಯಾರನ್ನಾದರೂ ಕಂಡು ಪ್ರೀತಿ ಉಕ್ಕಿದರೆ ಗಾಪೊ. ನಮ್ಮ ಸುಖಕ್ಕೂ ಹಿಗ್ಗಿಗೂ ಇರುವಷ್ಟೇ ಅಂತರ.

3. ಮನಸ್ಸನ್ನು ಸೇರಿಸಿ.
‘ಸೆಮ್’ ಎಂದರೆ ಮನಸ್ಸು. ‘ಸೆಮ್ ಕ್ಯಿಪೊ’ ಎಂದಾಗ ಸುಖ ಒಳಗಿಳಿಯಿತು ಎಂದರ್ಥ. ‘ಮನಸ್ಸಿಗೆ ಖುಷಿಯಾಯ್ತು’ ಎನ್ನುವ ನಮಗೆ ಇದು ಹೊಸದೇನಲ್ಲ.

4. ಸಂತೋಷ ನಿಮ್ಮ ಬಳಿಗೆ ಬರುತ್ತದೆ.
ಕ್ಯಾಂಪಿನ ಒಬ್ಬ ಅಜ್ಜಿಯನ್ನು ಎಲ್ಲರಂತೆ ನಾನೂ ‘ಮೋಲಾ’ ಎನ್ನುತ್ತೇನೆ. ಅವರು ನನ್ನನ್ನು ಕನ್ನಡದಲ್ಲೇ ‘ಅಣ್ಣಾ’ ಎನ್ನುತ್ತಾರೆ. ಕಣ್ಣಿನ ಪೊರೆ ತೆಗೆಸಿ, ಪಟ್ಟಿ ಬಿಚ್ಚಿಸಿಕೊಂಡು ಬರುತ್ತಿದ್ದ ದಿನ ಕ್ಯಾಂಪಿನ ತಿರುವಿನಲ್ಲಿ ಆಟೊ ನಿಲ್ಲಿಸಲು ಹೇಳಿದರು. ಮರಗಳ ನಡುವೆ ಕಟ್ಟಿದ್ದ ಪ್ರಾರ್ಥನಾ ಬಾವುಟಗಳನ್ನು ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಎಂದು ಒಂದೊಂದಾಗಿ ಬೆರಳು ಮಾಡಿ ಎಣಿಸಿದರು. ಆಮೇಲೆ ಮೆಲ್ಲಗೆ, ‘ಙ ಗಾಪೊ ಚುಂಗ್’ ಎಂದರು. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತ ‘ಙ’ ಅವರಲ್ಲಿ ‘ನಾನು’. ‘ಚುಂಗ್’ ಎಂದರೆ ಆ ಅನುಭವ ತನ್ನತ್ತ ಬಂತು ಎಂಬ ಸೂಚನೆ. ‘ನಂಗೆ ಖುಷಿಯಾಯ್ತು’ ಎನ್ನುವಾಗ ನಾವೂ ಖುಷಿಯನ್ನು ಮಾಡುವುದಿಲ್ಲ, ಅದು ನಮಗೆ ಆಗುತ್ತದೆ.

5. ಹಿರಿಯರ ಸಂತೋಷಕ್ಕೆ ಬೇರೆ ಪದ.
ನನ್ನದು ಗಾಪೊ, ಹಿರಿಯರದ್ದು, ಲಾಮಾಗಳದ್ದು ‘ಞೇಪೊ’. ಈ ಗೌರವದ ಪದವನ್ನು ತನಗೆ ತಾನೇ ಯಾರೂ ಹಚ್ಚಿಕೊಳ್ಳುವುದಿಲ್ಲ. ಮೂಲೆ ಸೇರಿದ್ದ ನಮ್ಮ ‘ಞ’ಕ್ಕೂ ಇಲ್ಲಿ ಒಳ್ಳೆಯ ಜಾಗ ಸಿಕ್ಕಿತು.

6. ಕಂಡಿದ್ದರೆ ಮಾತ್ರ ‘ದು’ ಎನ್ನಿ.
ಇದು ನನ್ನನ್ನೇ ತಿದ್ದಿದ ಪಾಠ. ದೂರದ ಊರಿನಲ್ಲಿರುವ ಮೋಲಾರ ಮಗಳು ಒಮ್ಮೆ ಫೋನಿನಲ್ಲಿ ತಾಯಿ ಹೇಗಿದ್ದಾರೆಂದು ವಿಚಾರಿಸಿದಳು. ನಾನು ‘ಞೇಪೊ ಯೋಗ್ ರೇ’ ಎಂದುಬಿಟ್ಟೆ. ಆಕೆಯ ದನಿ ಇಳಿಯಿತು: “ಅಣ್ಣಾ, ನೀವು ನೋಡಲಿಲ್ವಾ?” ಯೋಗ್ ರೇ ಎನ್ನುವುದು ಕೇಳಿ ತಿಳಿದ, ಎಲ್ಲರಿಗೂ ಗೊತ್ತಿರುವ ಸಂಗತಿಗೆ. ಕಣ್ಣಾರೆ ಕಂಡದ್ದಕ್ಕೆ ‘ದು’. ಆ ಬೆಳಿಗ್ಗೆಯಷ್ಟೇ ಮೋಲಾ ನಗುತ್ತಾ ಬೆಣ್ಣೆ ಚಹಾ ಕೊಟ್ಟಿದ್ದರು. ಕೂಡಲೇ ತಿದ್ದಿಕೊಂಡು ‘ಞೇಪೊ ದು’ ಎಂದೆ. ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. ಒಂದೇ ಅಕ್ಷರ, ಆದರೆ ಅದರಲ್ಲಿ ನನ್ನ ಸಾಕ್ಷಿಯಿತ್ತು.

ಅಂದಿನಿಂದ ಕನ್ನಡದಲ್ಲಿ ಮಾತಾಡುವಾಗಲೂ ‘ಅವರು ಚೆನ್ನಾಗಿದ್ದಾರೆ’ ಎನ್ನುವ ಮುಂಚೆ, ನಾನು ಕಂಡೆನೇ ಎಂದು ಕೇಳಿಕೊಳ್ಳುತ್ತೇನೆ. ಹಂಪಾಪುರದಿಂದ ಅವ್ವ ಫೋನ್ ಮಾಡಿದಾಗಲೆಲ್ಲ, “ಅಷ್ಟು ದೂರದಿಂದ ಬಂದ ಜನ ಕಣಪ್ಪ, ಸುಖವಾಗವ್ರಾ?” ಎನ್ನುತ್ತಾಳೆ. ಮೊದಲೆಲ್ಲ ಹೂಂ ಎನ್ನುತ್ತಿದ್ದೆ. ಈಗ ಹೀಗೆ ಹೇಳುತ್ತೇನೆ: “ಎಲ್ಲಾರ್ದೂ ನಾನೆಂಗವ್ವಾ ಹೇಳ್ಲಿ? ಇವತ್ತು ಮೋಲಾ ನಕ್ಕಿದ್ದ ಕಂಡೆ.”