ನಾನ್ ರಿಟರ್ನ್ ವಾಲ್ವ್ ಬಿಚ್ಚುವ ಮುನ್ನ

ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಬಂತೆಂದರೆ ನಮ್ಮಲ್ಲಿ ಅನೇಕರು ಕುಡಿಯುವ ನೀರಿನ ಬಾವಿಯಿಂದಲೇ ಪೈಪೆಳೆದು ಡ್ರಮ್ಮು ತುಂಬಿಸುತ್ತೇವೆ. ತೋಟ ಮೇಲೆ, ಬಾವಿ ಕೆಳಗೆ. ಪೈಪಿನ ತುದಿ ದ್ರಾವಣದಲ್ಲಿ ಮುಳುಗಿರುವಾಗ ಪಂಪು ನಿಂತರೆ, ಪೈಪಿನ ನೀರು ಬಾವಿಯತ್ತ ಹಿಂದಕ್ಕೆ ಇಳಿಯುತ್ತದೆ; ಮೈಲುತುತ್ತದ ನೀರನ್ನೂ ಜೊತೆಗೆ ಸೆಳೆಯುತ್ತದೆ. ಇದನ್ನು ತಡೆಯಲು ಪಂಪಿನ ಮುಂದೆ ಕೂಡಿಸುವುದೇ ನಾನ್ ರಿಟರ್ನ್ ವಾಲ್ವ್. ಆದರೆ ಅದರ ಬಾಗಿಲಿಗೆ ಸಣ್ಣ ಕಡ್ಡಿ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚದು. ಆದ್ದರಿಂದ ಪೈಪಿನ ತುದಿಯನ್ನು ಡ್ರಮ್ಮಿನ ಬಾಯಿಗಿಂತ ಮೇಲೆ, ಪೈಪಿನ ವ್ಯಾಸದ ಎರಡರಷ್ಟಾದರೂ ಅಂತರ ಬಿಟ್ಟು ಕಟ್ಟಬೇಕು.

ಈ ವಾಲ್ವನ್ನು ಕೂಡಿಸುವಾಗ, ಬಿಚ್ಚಿ ತೊಳೆಯುವಾಗ ಜೀವಕ್ಕೇ ಅಪಾಯವಾಗಬಹುದು. ಜವಾಬ್ದಾರಿಯ ಒಬ್ಬರು ಕೆಳಗಿನ ಮೂರನ್ನು ಸ್ವತಃ ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಸ್ಪ್ಯಾನರ್ ಎತ್ತಬೇಕು.

1. ವಿದ್ಯುತ್ತು: ಕರೆಂಟು ಹೋಗಿದೆ ಎಂದು ಕೆಲಸಕ್ಕೆ ಕೈ ಹಾಕಬಾರದು. ಆಟೋ ಸ್ಟಾರ್ಟರ್ ಇದ್ದರೆ ಕರೆಂಟು ಬಂದೊಡನೆ ಪಂಪು ತಾನೇ ತಿರುಗುತ್ತದೆ. ಮೊಬೈಲಿನಿಂದ ನಡೆಯುವ ಸ್ಟಾರ್ಟರ್ ಆದರೆ ಮನೆಯಲ್ಲಿದ್ದವರು ತಿಳಿಯದೆ ಚಾಲೂ ಮಾಡಿಯಾರು. ಮೈನ್ ಸ್ವಿಚ್ ಇಳಿಸಿ, ಫ್ಯೂಸುಗಳನ್ನು ಕಳಚಿ, ಕೆಲಸ ಮಾಡುವವನೇ ಜೇಬಿನಲ್ಲಿ ಇಟ್ಟುಕೊಳ್ಳಲಿ.

2. ನೀರಿನ ಒತ್ತಡ: ಪಂಪು ನಿಂತರೂ ಗುಡ್ಡದ ಪೈಪಿನಲ್ಲಿ ನೀರು ನಿಂತೇ ಇರುತ್ತದೆ. ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. ಕಾಫಿಗೆ ಹೂಮಳೆ ಕೊಡುವ ಸ್ಪ್ರಿಂಕ್ಲರ್ ಲೈನು 60 ಮೀಟರ್ ಎತ್ತರಕ್ಕೆ ಹೋಗಿದ್ದರೆ, 3 ಇಂಚಿನ ವಾಲ್ವಿನ ಬಾಗಿಲ ಮೇಲೆ ಸುಮಾರು 270 ಕಿಲೋ ಭಾರ ಬೀಳುತ್ತದೆ. ವಾಲ್ವಿನ ಮೇಲ್ಗಡೆ ಗೇಟ್ ವಾಲ್ವ್ ಇದ್ದರೆ ಮುಚ್ಚಿ. ಇಲ್ಲದಿದ್ದರೆ ಲೈನಿನ ನೀರನ್ನೆಲ್ಲ ಬಸಿದುಬಿಡಿ. ಆಮೇಲೂ ಬೋಲ್ಟುಗಳನ್ನು ಒಮ್ಮೆಲೇ ತೆಗೆಯದೆ, ಪಕ್ಕಕ್ಕೆ ನಿಂತು ಮೊದಲು ಆಚೆ ಬದಿಯದನ್ನು ಸ್ವಲ್ಪ ಸಡಿಲಿಸಿ, ಉಳಿದ ನೀರು ಜಿನುಗಿ ಮುಗಿಯಲಿ.

3. ಗುಂಡಿಯ ಗಾಳಿ: ಮುಚ್ಚಿದ ಪಂಪುಗುಂಡಿಯಲ್ಲಿ ಉಸಿರಾಟದ ಗಾಳಿ ಕಡಮೆಯಾಗಿರಬಹುದು. ಗುಂಡಿಯೊಳಗೆ ಡೀಸೆಲ್ ಇಂಜಿನು ಓಡಿಸಿದ್ದರೆ ಹೊಗೆಯ ವಿಷಾನಿಲ ಉಳಿದಿರುತ್ತದೆ. ದೀಪ ಇಳಿಸಿ ನೋಡುವ ಹಳೆಯ ರೂಢಿಯಿಂದ ಈ ವಿಷ ಗೊತ್ತಾಗುವುದಿಲ್ಲ. ಒಳಗಿದ್ದವನು ಕುಸಿದರೆ ಎತ್ತಲೆಂದು ಇನ್ನೊಬ್ಬ ಇಳಿಯಬಾರದು. ಹಾಗೆ ಇಳಿದವನೂ ಬೀಳುತ್ತಾನೆ. ಒಡನೆ 112ಕ್ಕೆ ತಿಳಿಸಬೇಕು. ಹೊಸದಾಗಿ ಕೂಡಿಸುವವರು ವಾಲ್ವನ್ನು ನೆಲದ ಮೇಲೆಯೇ, ಕೈಗೆಟುಕುವಂತೆ ಕೂಡಿಸಿದರೆ ಈ ತೊಂದರೆಯೇ ಇಲ್ಲ.

ಕೆಲಸ ಮುಗಿದ ಮೇಲೆ ವಾಲ್ವಿನ ಮೈಮೇಲಿನ ಬಾಣ ನೀರು ಹೋಗುವ ದಿಕ್ಕಿಗೆ ಇದೆಯೇ ನೋಡಿ. ಎಲ್ಲರೂ ದೂರ ಸರಿದ ಮೇಲೆ ಫ್ಯೂಸು ಹಾಕಿ, ಪಂಪು ಓಡಿಸಿ, ನಿಲ್ಲಿಸಿ. ಪಂಪು ಹಿಮ್ಮುಖವಾಗಿ ತಿರುಗಿದರೆ ಅಥವಾ ನೀರು ಬಾವಿಗೆ ಇಳಿಯುವ ಸದ್ದು ಕೇಳಿದರೆ ವಾಲ್ವು ಸರಿಯಾಗಿ ಮುಚ್ಚಿಲ್ಲವೆಂದು ತಿಳಿಯಬೇಕು.

ಸಿಂಪಡಣೆ ಆರಂಭವಾಗುವ ಮೊದಲೇ ಸದಸ್ಯರೆಲ್ಲರೂ ತಮ್ಮ ವಾಲ್ವುಗಳನ್ನು ಹೀಗೆ ಪರೀಕ್ಷಿಸಿಕೊಳ್ಳಬೇಕೆಂದು ಕೋರುತ್ತೇವೆ.