ವೋಲ್ಟ್, ಆಂಪಿಯರ್ ಮತ್ತು ಬಿಸಿಯಾದ ಪ್ಲಗ್ಗು

ಸ್ನಾನದ ಮನೆಯ ಗೀಸರನ್ನು ನಿಲ್ಲಿಸಿ ಪ್ಲಗ್ಗನ್ನು ಕೀಳುವಾಗ ಅದು ಕೈಗೆ ಬಿಸಿಯಾಗಿ ತಗಲುವುದುಂಟು. ಕೆಲವು ಮನೆಗಳಲ್ಲಿ ಸಾಕೆಟ್ಟಿನ ರಂಧ್ರದ ಸುತ್ತ ಕಂದುಬಣ್ಣದ ಸುಟ್ಟ ಗುರುತೂ ಕಾಣುತ್ತದೆ. ಆದರೆ ಫ್ಯೂಸು ಹೋಗಿರುವುದಿಲ್ಲ. ಇದರ ಕಾರಣವನ್ನು ಎರಡು ಸೂತ್ರಗಳಿಂದ ಲೆಕ್ಕಹಾಕಿ ತಿಳಿಯಬಹುದು.

ಮೊದಲನೆಯದು ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ತಂತಿಯ ಉಷ್ಣತೆ ಬದಲಾಗದಿರುವಾಗ ಅದರ ತುದಿಗಳ ನಡುವಣ ವಿಭವಾಂತರಕ್ಕೂ ಅದರಲ್ಲಿ ಹರಿಯುವ ಪ್ರವಾಹಕ್ಕೂ ಇರುವ ನಿಷ್ಪತ್ತಿ ಸ್ಥಿರವಾಗಿರುತ್ತದೆ. ಈ ನಿಷ್ಪತ್ತಿಯೇ ರೋಧ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ದೊರೆಯುತ್ತದೆ. ಗುಣಿಸಿದರೆ ಸಾಮರ್ಥ್ಯವು ವಾಟ್‌ಗಳಲ್ಲಿ ದೊರೆಯುತ್ತದೆ. ಇವೆರಡನ್ನೂ ಸೇರಿಸಿದರೆ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಾಗಲೂ ವಾಟ್‌ಗಳೇ ಬರುತ್ತವೆಂದು ತಿಳಿಯುವುದು. ತಂತಿಯಲ್ಲಿ ಹುಟ್ಟುವ ಶಾಖವು ಹೀಗೆ ಪ್ರವಾಹದ ವರ್ಗವನ್ನು ಅನುಸರಿಸುತ್ತದೆಂಬುದನ್ನು ಇಂಗ್ಲೆಂಡಿನ ಜೂಲ್ 1841ರಲ್ಲಿ ಪ್ರಕಟಿಸಿದನು.

‘ಉಷ್ಣತೆ ಬದಲಾಗದಿರುವಾಗ’ ಎಂಬ ಮಾತನ್ನು ವಿದ್ಯಾರ್ಥಿಗಳು ಬೇಗ ಮರೆಯುತ್ತಾರೆ. 220 ವೋಲ್ಟಿನಲ್ಲಿ ಉರಿಯುವ 60 ವಾಟಿನ ತಂತುದೀಪದ ರೋಧ ಸುಮಾರು 807 ಓಮ್. ಆರಿ ತಣ್ಣಗಾದಾಗ ಅದು ಇದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಗೀಸರಿನ ನಿಕ್ರೋಮ್ ತಂತಿಯ ರೋಧವು ಇಷ್ಟು ಬದಲಾಗುವುದಿಲ್ಲವಾದ್ದರಿಂದ ನಮ್ಮ ಲೆಕ್ಕಕ್ಕೆ ಅದೇ ಅನುಕೂಲ. (ಪಂಖ, ಪಂಪುಗಳಂತಹ ಮೋಟಾರುಗಳಿಗೆ ಈ ಸರಳ ಲೆಕ್ಕ ಸಾಲದು.)

220 ವೋಲ್ಟಿನಲ್ಲಿ ಗೀಸರು 10 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆಂದು ಭಾವಿಸೋಣ. ಅದರ ರೋಧ 22 ಓಮ್, ಸಾಮರ್ಥ್ಯ 2,200 ವಾಟ್. ಈಗ ಸಾಕೆಟ್ಟಿನೊಳಗಿನ ತಿರುಪು ಸಡಿಲವಾಗಿ ಅಲ್ಲಿ ಕೇವಲ ಅರ್ಧ ಓಮ್ ರೋಧ ಸೇರಿಕೊಂಡಿತೆನ್ನಿ. ಒಟ್ಟು ರೋಧ 22.5 ಓಮ್, ಪ್ರವಾಹ ಸುಮಾರು 9.78 ಆಂಪಿಯರ್. ಪ್ರವಾಹವು ಹೆಚ್ಚಲಿಲ್ಲ, ತುಸು ಕಡಿಮೆಯೇ ಆಯಿತು! ಫ್ಯೂಸಿಗೆ ಈ ದೋಷದ ಸುಳಿವೇ ಹತ್ತುವುದಿಲ್ಲ. ಆದರೆ 9.78ರ ವರ್ಗವನ್ನು ಅರ್ಧದಿಂದ ಗುಣಿಸಿ ನೋಡಿರಿ: ಸುಮಾರು 48 ವಾಟ್. ಬೆಸುಗೆ ಹಾಕುವ ಸಣ್ಣ ಕಬ್ಬಿಣಕ್ಕೆ 25 ವಾಟ್ ಸಾಕು. ಅದರ ಇಮ್ಮಡಿಗೆ ಹತ್ತಿರವಾದ ಶಾಖವು ಕಡಲೆಕಾಳಿನಷ್ಟು ಜಾಗದಲ್ಲಿ ಗೋಡೆಯೊಳಗೇ ಹುಟ್ಟುತ್ತಿದೆ. ಆ ಶಾಖದಿಂದ ಹಿತ್ತಾಳೆಯ ಮೇಲೆ ಕಿಲುಬು ಹಿಡಿದು, ಹಿಡಿಕೆ ಸಡಿಲವಾಗಿ, ರೋಧ ಇನ್ನೂ ಏರುತ್ತದೆ. ರೋಧ ಏರಿದಂತೆ ಅಲ್ಲಿನ ಶಾಖವೂ ಏರುತ್ತದೆ. ಬೆಂಕಿಯ ಅನಾಹುತಗಳು ಹೀಗೆಯೂ ಮೊದಲಾಗುತ್ತವೆ. ಬಿಸಿಯಾದ ಪ್ಲಗ್ಗನ್ನು ಕಂಡ ಕೂಡಲೇ ಗೀಸರಿನ ಬಳಕೆಯನ್ನು ನಿಲ್ಲಿಸಿ, ವಿದ್ಯುತ್ ಕೆಲಸಗಾರನನ್ನು ಕರೆಸಬೇಕು. ಮನೆಯ ಸಾಕೆಟ್ಟಿಗೆ ಮೀಟರು ಹಚ್ಚಿ ನೋಡುವ ಸಾಹಸ ವಿದ್ಯಾರ್ಥಿಗಳಿಗೆ ತಕ್ಕದ್ದಲ್ಲ. ಪ್ರಯೋಗಕ್ಕೆ 6 ವೋಲ್ಟಿನ ಬ್ಯಾಟರಿ ಇದ್ದೇ ಇದೆ.

ಪ್ರವಾಹದ ಈ ವರ್ಗವು ಮನೆಯಷ್ಟಕ್ಕೇ ನಿಲ್ಲುವುದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿದಾಗ ಸುಮಾರು 30,000 ವೋಲ್ಟನ್ನು ಆರಿಸಿಕೊಂಡಿದ್ದರು. ಅಷ್ಟೇ ಸಾಮರ್ಥ್ಯವನ್ನು 3,000 ವೋಲ್ಟಿನಲ್ಲಿ ಕಳುಹಿಸಬೇಕಾಗಿದ್ದರೆ ಪ್ರವಾಹ ಹತ್ತುಮಡಿ, ಅದೇ ತಂತಿಯಲ್ಲಿ ನಷ್ಟ ನೂರುಮಡಿ; ನಷ್ಟವನ್ನು ಮೊದಲಿನಷ್ಟಕ್ಕೇ ಇಳಿಸಬೇಕಾದರೆ ದಾರಿಯುದ್ದಕ್ಕೂ ನೂರುಪಟ್ಟು ತಾಮ್ರವನ್ನು ಎಳೆಯಬೇಕಾಗುತ್ತಿತ್ತು.